ಹೂಮಳೆಗೆ ಮೊದಲು ಬ್ಯಾರನ್ ದ್ವೀಪ

ಜನವರಿ ಕೊನೆಯ ವಾರ, ಹಾಸನ

ಕಾಫಿ ಬೆಳೆಗಾರರ ಮನೆಯಲ್ಲಿ ಪ್ರವಾಸದ ದಿನಾಂಕವನ್ನು ಗೊತ್ತುಮಾಡುವವರು ಮನೆಯವರಲ್ಲ. ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಹಣ್ಣು ಕಣದಲ್ಲಿ ಒಣಗಿ ಮೂಟೆ ಸೇರುವ ಹೊತ್ತಿಗೆ ಫೆಬ್ರವರಿ ಅರ್ಧ ಕಳೆದಿರುತ್ತದೆ. ಅಲ್ಲಿಂದ ಮುಂದೆ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಯ ದಾರಿ ಕಾಯಬೇಕು, ಮಳೆ ಬಾರದಿದ್ದರೆ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹೊಡೆಯಬೇಕು. ಈ ಎರಡರ ನಡುವೆ ಸಿಗುವ ಎಂಟು ಹತ್ತು ದಿನಗಳೇ ಸಕಲೇಶಪುರದ ನಮ್ಮಂಥವರ ರಜೆ. ಈ ಸಲ ನಾವು ಹೋಗಬೇಕೆಂದಿದ್ದ ಅಂಡಮಾನ್ ಸಮುದ್ರಕ್ಕೂ ಅದರದೇ ಆದ ಪಂಚಾಂಗವಿದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರಿನ ಅಬ್ಬರ, ಆಮೇಲೆ ವರ್ಷದ ಕೊನೆಯವರೆಗೆ ಹಿಂಗಾರು ಮತ್ತು ಚಂಡಮಾರುತಗಳ ಭಯ. ಸಣ್ಣ ದೋಣಿಗಳು ದೂರ ಹೋಗಬಹುದಾದದ್ದು ಹೊಸ ವರ್ಷದ ಮೊದಲ ನಾಲ್ಕು ತಿಂಗಳುಗಳಲ್ಲಿ ಮಾತ್ರ. ಎರಡೂ ಪಂಚಾಂಗಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಉಳಿದದ್ದು ಫೆಬ್ರವರಿ 17ರಿಂದ 25ರವರೆಗಿನ ಒಂಬತ್ತು ದಿನಗಳು.

ಈ ಪ್ರವಾಸದ ಮೂಲ ಹಾಸನದಲ್ಲಿರುವ ನಮ್ಮ ಚಿಕ್ಕಪ್ಪ. ಅವರು ಮೂವತ್ತು ವರ್ಷ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದವರು. ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಬಂಗಾಳ ಕೊಲ್ಲಿಯನ್ನು ಬರೆದು, ಅಂಡಮಾನಿನ ಬಲಕ್ಕೆ ಒಂದು ಚುಕ್ಕಿ ಇಟ್ಟು, ಅದನ್ನು ಜ್ವಾಲಾಮುಖಿ ಇರುವ ಬ್ಯಾರನ್ ದ್ವೀಪ ಎಂದು ತೋರಿಸುತ್ತಿದ್ದರಂತೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಚುಕ್ಕಿಯ ಪಕ್ಕದಲ್ಲಿ ಬರೆಯುತ್ತಿದ್ದ ಪದ ‘ಸುಪ್ತ’ ಎಂದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದ ನಂತರ ತಣ್ಣಗೆ ಕುಳಿತಿದ್ದ ಆ ಬೆಟ್ಟ 1991ರಲ್ಲಿ ಲಾವಾ ಕಕ್ಕಿದ ಮೇಲೆ ಅವರು ಆ ಪದವನ್ನು ಅಳಿಸಿ ‘ಜಾಗೃತ’ ಎಂದು ಬರೆಯಬೇಕಾಯಿತು. ಅದು 1994–95ರಲ್ಲಿ ಮತ್ತೊಮ್ಮೆ, 2004ರ ಡಿಸೆಂಬರ್‌ನ ಮಹಾ ಭೂಕಂಪವಾದ ಮರುವರ್ಷ ಇನ್ನೊಮ್ಮೆ ಎದ್ದಿತು. 2017ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಡಗಿನಲ್ಲಿ ಹತ್ತಿರ ಹೋಗಿದ್ದಾಗ ಅದು ಬೂದಿ ಉಗುಳುವುದನ್ನು ಕಣ್ಣಾರೆ ಕಂಡರು. “ಒಂದು ಅಂಕದ ಪ್ರಶ್ನೆಯಾಗಿ ಎಷ್ಟು ಸಾವಿರ ಮಕ್ಕಳಿಗೆ ಕೇಳಿದ್ದೇನೋ, ನಾನೇ ನೋಡಿಲ್ಲವಲ್ಲೋ” ಎಂದು ಚಿಕ್ಕಪ್ಪ ಹಬ್ಬದ ಊಟದಲ್ಲಿ ಅಂದದ್ದನ್ನು ಹಾನುಬಾಳಿನ ನಮ್ಮ ಬಾವ ಗಟ್ಟಿಯಾಗಿ ಹಿಡಿದುಕೊಂಡರು.

ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಬಂಡೆಗಳನ್ನೂ ಸೇರಿಸಿ 836 ದ್ವೀಪಗಳನ್ನು ಎಣಿಸುತ್ತಾರೆ; ಜನರಿರುವುದು 31ರಲ್ಲಿ ಮಾತ್ರ. ಹಾಗಾದರೆ ಎಂಟುನೂರು ದ್ವೀಪಗಳು ಖಾಲಿ ಬಿದ್ದಿವೆಯಲ್ಲ, ಯಾವುದಾದರೂ ಒಂದಕ್ಕೆ ಹೋಗಿ ಡೇರೆ ಹಾಕೋಣ ಎಂಬುದು ಬಾವನ ಮೊದಲ ಯೋಜನೆಯಾಗಿತ್ತು. ಜನವಸತಿ ಇಲ್ಲದ ಜಾಗವೆಂದರೆ ಹೇಳುವವರು ಕೇಳುವವರು ಇಲ್ಲದ ಜಾಗವಲ್ಲ ಎಂಬುದು ನಮಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಅವುಗಳಲ್ಲಿ ಕೆಲವು ಮೀಸಲು ಅರಣ್ಯ, ಕೆಲವು ಅಭಯಾರಣ್ಯ, ಕೆಲವು ಬುಡಕಟ್ಟು ಜನರಿಗೆ ಮೀಸಲಾದ ಪ್ರದೇಶ. ಬ್ಯಾರನ್ ಕೂಡ ವನ್ಯಜೀವಿ ಅಭಯಾರಣ್ಯವೇ ಆಗಿದ್ದು, ಪ್ರವಾಸಿಗರು ಅಲ್ಲಿ ಕಾಲಿಡುವಂತಿಲ್ಲ. ದೋಣಿಯಲ್ಲಿ ಕುಳಿತೇ ನೋಡಿ ಹಿಂತಿರುಗಬೇಕು. ಇದನ್ನು ಕೇಳಿ ಅಕ್ಕ, “ಇಳಿಯೋಕೆ ಆಗದ ಊರಿಗೆ ಇಷ್ಟು ದುಡ್ಡು ಸುರಿದು ಹೋಗ್ತೀರಾ?” ಎಂದು ಕೇಳಿದಳು. ಬಾವನ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ.

ಫೆಬ್ರವರಿ ಮೊದಲ ಹದಿನೈದು ದಿನ, ಸಕಲೇಶಪುರ

ಬ್ಯಾರನ್ ದ್ವೀಪವು ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 138 ಕಿ.ಮೀ. ದೂರದಲ್ಲಿದೆ. ಸ್ವರಾಜ್ ದ್ವೀಪದಿಂದ, ಅಂದರೆ ಹಳೆಯ ಹ್ಯಾವ್‌ಲಾಕ್‌ನಿಂದ, ಹೊರಟರೆ 100 ಕಿ.ಮೀ.ಗಳಷ್ಟಾಗುತ್ತದೆ. ನಮ್ಮ ಊರಿನಿಂದ ಮಂಗಳೂರಿಗೆ ಹೋಗುವುದಕ್ಕಿಂತ ಕಡಿಮೆ ದೂರ ಎಂದು ಬಾವ ಲೆಕ್ಕ ಹಾಕಿದರು. ಆದರೆ ಆ ದಾರಿಯಲ್ಲಿ ಪೆಟ್ರೋಲ್ ಬಂಕು, ಚಹಾ ಅಂಗಡಿ, ಪಂಕ್ಚರ್ ಹಾಕುವವನು ಯಾರೂ ಇಲ್ಲ, ತಲುಪಿದ ಮೇಲೂ ಇಲ್ಲ. ಹಾಗಾಗಿ ನಮ್ಮ ಯೋಜನೆಯೆಲ್ಲ ವಾಪಸು ಬರುವುದರಿಂದ ಶುರುವಾಗಿ ಹಿಂದಕ್ಕೆ ನಡೆಯಿತು. ದೋಣಿಯವರು ಡೀಸೆಲ್ಲನ್ನು ಮೂರು ಪಾಲು ಮಾಡುತ್ತಾರೆ: ಹೋಗಲು ಒಂದು, ಬರಲು ಒಂದು, ಗಾಳಿ ತಿರುಗಿದರೆ ಒಂದು. ಬಾವ ಈ ಸೂತ್ರವನ್ನು ಕುಡಿಯುವ ನೀರಿಗೂ, ಅವಲಕ್ಕಿಗೂ, ಕೋಡುಬಳೆಗೂ ಅನ್ವಯಿಸಿದ್ದರಿಂದ ನಮ್ಮ ಚೀಲಗಳು ಮದುವೆ ದಿಬ್ಬಣದ ಚೀಲಗಳಂತಾದವು.

ಬೆಳಿಗ್ಗೆ ಎದ್ದು ಮಳೆಮಾಪಕ ನೋಡುವುದು ನಮಗೆ ರೂಢಿ. ಈಗ ಅದರ ಜೊತೆಗೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಕೊಡುವ ಅಲೆಯ ಎತ್ತರದ ಮುನ್ಸೂಚನೆಯನ್ನೂ ನೋಡತೊಡಗಿದೆವು. ಅಲೆ ಒಂದೂವರೆ ಮೀಟರ್ ದಾಟಿದರೆ ಹೊರಡುವುದಿಲ್ಲ ಎಂಬುದು ನಾವು ಗೊತ್ತುಮಾಡಿದ ದೋಣಿಯವರ ಷರತ್ತು. ಅವರಿಗೂ ಮೊದಲು ಇನ್ನೊಬ್ಬರಿಗೆ ಮುಂಗಡ ಕಳಿಸಿದ್ದೆವು. ಹಣ ತಲುಪಿದ ನಾಲ್ಕು ದಿನಕ್ಕೆ ಅವರ ಎಂಜಿನ್ ಕೆಟ್ಟಿತು, ಅರ್ಧ ಹಣ ವಾಪಸು ಬಂತು, ಉಳಿದರ್ಧ ಬರಲಿಲ್ಲ. ಎರಡನೆಯವರು ಮುಂಗಡಕ್ಕಿಂತ ಮೊದಲು ನಮ್ಮ ವಯಸ್ಸು ಕೇಳಿದರು, ಯಾರಿಗಾದರೂ ಹೃದಯದ ತೊಂದರೆ ಇದೆಯೇ ಎಂದು ಕೇಳಿದರು, ಗುರುತಿನ ಚೀಟಿಯ ಪ್ರತಿ ತರಿಸಿಕೊಂಡರು, ಗಾಳಿ ಬಿಡದಿದ್ದರೆ ಹಣ ಹಿಂದಿರುಗಿಸುವುದಾಗಿ ಬರೆದುಕೊಟ್ಟರು. ಇಂಥ ಪ್ರವಾಸದಲ್ಲಿ ‘ಬೇಡ’ ಎನ್ನಲು ಹಿಂಜರಿಯದ ದೋಣಿಯವರನ್ನು ಹುಡುಕಬೇಕೇ ಹೊರತು ‘ಆಯಿತು’ ಎನ್ನುವವರನ್ನಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಬಾವ ನಮ್ಮ ಮೂವರ ಪಾಲಿನ ಬಾಡಿಗೆಯನ್ನು ಕಾಫಿಗೆ ಪರಿವರ್ತಿಸಿ, “ಐದು ಮೂಟೆ ರೊಬಸ್ಟಾ ಚೆರ್ರಿ” ಎಂದು ಡೈರಿಯಲ್ಲಿ ಬರೆದುಕೊಂಡರು.

ದುಬೈನಲ್ಲಿರುವ ಬಾವನ ಗೆಳೆಯರೊಬ್ಬರು ಉಪಗ್ರಹ ಫೋನ್ ತಂದುಕೊಡುವುದಾಗಿ ಹೇಳಿದ್ದರು. ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾದ್ದರಿಂದ ಅದನ್ನು ಬೇಡವೆಂದೆವು. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ ಇರುತ್ತದೆ. ಸಮುದ್ರದಲ್ಲಿ ತೊಂದರೆಯಾದವರ ನೆರವಿಗೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ ಇದೆ, ಆದರೆ ಮೊಬೈಲ್ ಸಿಗ್ನಲ್ ಇರುವವರೆಗೆ ಮಾತ್ರ ಆ ಸಂಖ್ಯೆಗೆ ಬೆಲೆ. ನಾವು ಯಾವ ದಿನ ಎಷ್ಟು ಹೊತ್ತಿಗೆ ವಾಪಸು ಬರಬೇಕು, ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಕ್ಕನಿಗೂ ತೋಟದ ಲೆಕ್ಕ ಬರೆಯುವ ರೈಟರಿಗೂ ಕೊಟ್ಟೆವು. ರೈಟರು ಅದನ್ನು ಆಳುಗಳ ಹಾಜರಿಯ ಮಸ್ಟರ್ ಪುಸ್ತಕದ ರಟ್ಟಿಗೆ ಅಂಟಿಸಿದರು.

ಫೆಬ್ರವರಿ 17 ಮತ್ತು 18

ರಾತ್ರಿ ಊಟ ಮಾಡಿ ಸಕಲೇಶಪುರದಿಂದ ಹೊರಟು, ಹಾಸನದಲ್ಲಿ ಚಿಕ್ಕಪ್ಪನನ್ನು ಹತ್ತಿಸಿಕೊಂಡು, ಬೆಳಗಿನ ಜಾವಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಿದೆವು. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಎರಡೂವರೆ ಗಂಟೆಯ ಹಾರಾಟ. ಊರಿನ ಹೆಸರು 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಬದಲಾಗಿದ್ದರೂ ಆಟೋದವರ ಬಾಯಲ್ಲಿ ಹಳೆಯ ಹೆಸರೇ ಇದೆ. ಸೆಲ್ಯುಲರ್ ಜೈಲನ್ನು ಮಧ್ಯಾಹ್ನ ನೋಡಿದೆವು. ಅದರ ಬಗ್ಗೆ ಬೇಕಾದಷ್ಟು ಮಂದಿ ಬರೆದಿರುವುದರಿಂದ ನಾನು ಬರೆಯುವುದಿಲ್ಲ.

ನನ್ನ ಗಮನ ಸೆಳೆದದ್ದು ಸಂಜೆ. ಇನ್ನೂ ಆರು ಗಂಟೆಯಾಗಿರಲಿಲ್ಲ, ಆಗಲೇ ಸೂರ್ಯ ಮುಳುಗಿ ಬೀದಿ ದೀಪ ಹತ್ತಿತು. ಚಿಕ್ಕಪ್ಪ ಅಲ್ಲಿಯೇ ಪಾಠ ಶುರುಮಾಡಿದರು. ಹಾಸನ ಇರುವುದು 76ನೆಯ ರೇಖಾಂಶದ ಬಳಿ, ಬ್ಯಾರನ್ ಇರುವುದು 94ಕ್ಕೆ ತುಸು ಈಚೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿಯ ಸೂರ್ಯ ನಮ್ಮ ಸೂರ್ಯನಿಗಿಂತ ಸುಮಾರು 71 ನಿಮಿಷ ಮುಂದೆ ಓಡುತ್ತಾನೆ, ಗಡಿಯಾರ ಮಾತ್ರ ಒಂದೇ. “ನಿಮ್ಮ ತೋಟದಲ್ಲಿ ಆಳುಗಳು ಕೆಲಸಕ್ಕೆ ಹೊರಡುವ ಮೊದಲೇ ಇಲ್ಲಿ ಬಿಸಿಲೇರಿರುತ್ತೆ” ಎಂದರು. ಸಂಜೆ ಬೇಗ ಕತ್ತಲಾಗುವುದರಿಂದ ದೋಣಿ ನಡುರಾತ್ರಿ ಹೊರಟು ಹಗಲಿರುವಾಗಲೇ ಮರಳಬೇಕೆಂಬ ದೋಣಿಯವರ ಮಾತು ನಮಗೆ ಆಗ ಸರಿಯಾಗಿ ಅರ್ಥವಾಯಿತು.

ಫೆಬ್ರವರಿ 19, ಸ್ವರಾಜ್ ದ್ವೀಪ

ಬೆಳಗಿನ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ಇಳಿದ ಕೂಡಲೇ ದೋಣಿಯವರನ್ನು ಕಂಡೆವು. ಅವರು ಬಂಗಾಳಿ ಮಾತಾಡುವವರು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳೇ ಈ ದ್ವೀಪದಲ್ಲಿ ಹೆಚ್ಚು. ನಮ್ಮ ಹಿಂದಿಯನ್ನು ಸಹಿಸಿಕೊಂಡು ಅವರು ಹೇಳಿದ್ದು ಇಷ್ಟು: ನಾಳೆ ಇಲ್ಲ, ನಾಡಿದ್ದು ನೋಡೋಣ.

ಫೆಬ್ರವರಿ 20

ಗಾಳಿ. ಮಧ್ಯಾಹ್ನ ಕಾಲಾಪತ್ಥರ್ ಕಡಲತೀರಕ್ಕೆ ಹೋಗಿ ಪೂರ್ವಕ್ಕೆ ಮುಖ ಮಾಡಿ ಕುಳಿತೆವು. ನಾವು ಹೋಗಬೇಕಾದ ದಿಕ್ಕಿನಲ್ಲಿ ಬಿಳಿ ನೊರೆಯಲ್ಲದೆ ಬೇರೇನೂ ಇರಲಿಲ್ಲ.

ಫೆಬ್ರವರಿ 21

ಇನ್ನೊಂದು ದಿನ ಕಾದೆವು. ಈಶಾನ್ಯದ ಗಾಳಿ ದೋಣಿಯ ಮೂತಿಗೇ ಬಡಿಯುವುದರಿಂದ ಹೋಗುವ ದಾರಿ ಕಷ್ಟ, ಬರುವಾಗ ಅದೇ ಗಾಳಿ ಬೆನ್ನಿಗೆ ಬೀಳುವುದರಿಂದ ಸಲೀಸು ಎಂದು ದೋಣಿಯವರು ಮರಳಿನ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಅವರ ಫೋನಿನಲ್ಲಿಯೂ ಅದೇ ಇನ್‌ಕಾಯಿಸ್ ನಕ್ಷೆ ಇತ್ತು, ಆದರೆ ಅವರು ಅದಕ್ಕಿಂತ ಹೆಚ್ಚಾಗಿ ಜೆಟ್ಟಿಯ ಬಳಿ ಕಟ್ಟಿದ್ದ ಡುಂಗಿಗಳ ಹಗ್ಗ ಎಷ್ಟು ಬಿಗಿಯುತ್ತಿದೆ ಎಂಬುದನ್ನೇ ನೋಡುತ್ತಿದ್ದರು. ಇಲ್ಲಿಯ ಸಣ್ಣ ಮರದ ದೋಣಿಗೆ ಡುಂಗಿ ಎನ್ನುತ್ತಾರೆ.

ಬೇಸರ ಕಳೆಯಲು ಚಹಾ ಅಂಗಡಿಯಲ್ಲಿ ಕುಳಿತಾಗ ನಾವು ಆನೆಗಳ ಊರಿನವರೆಂದು ಬಾವ ಹೇಳಿಕೊಂಡರು. ಅಂಗಡಿಯವರು ತಮ್ಮ ದ್ವೀಪದ ರಾಜನ್ ಎಂಬ ಆನೆಯ ವಿಷಯ ತೆಗೆದರು. ಮರ ಎಳೆಯಲು ತಂದಿದ್ದ ಆ ಆನೆ ಸಮುದ್ರದಲ್ಲಿ ಈಜುತ್ತ ಜಗತ್ಪ್ರಸಿದ್ಧವಾಗಿ 2016ರಲ್ಲಿ ತೀರಿಕೊಂಡಿತು. ಪಶ್ಚಿಮದ ಇಂಟರ್‌ವ್ಯೂ ದ್ವೀಪದಲ್ಲಿ, ಮುಚ್ಚಿಹೋದ ಮರದ ಕಂಪನಿಯೊಂದು ಬಿಟ್ಟುಹೋದ ಆನೆಗಳ ಸಂತತಿ ಇಂದಿಗೂ ಕಾಡಾಡಿಗಳಾಗಿ ಉಳಿದಿದೆ. ವಾರಕ್ಕೆರಡು ಬಾರಿ ಬೇಲಿ ಮುರಿಸಿಕೊಳ್ಳುವ ಬಾವ ಇದನ್ನೆಲ್ಲ ಸಂತೋಷದಿಂದ ಕೇಳಲಿಲ್ಲ. “ಈಜೋದು ಕಲಿತರೆ ಕೆರೆಗೂ ಬೇಲಿ ಹಾಕಬೇಕಾಗುತ್ತೆ” ಎಂದರು. ಸಂಜೆ ಹಗ್ಗಗಳು ಸಡಿಲಾದವು. ರಾತ್ರಿ ಒಂದು ಗಂಟೆಗೆ ಜೆಟ್ಟಿಗೆ ಬನ್ನಿ ಎಂಬ ಕರೆ ಬಂತು. ಶಿರಾಡಿ ಘಾಟಿಯಲ್ಲಿ ವಾಂತಿಯಾಗದವರಿಗೆ ಸಮುದ್ರದಲ್ಲೂ ಆಗುವುದಿಲ್ಲವೆಂದು ನಾನು ನಂಬಿದ್ದೆ. ಚಿಕ್ಕಪ್ಪ ಮಾತ್ರ ಮರೆಯದೆ ಅವೊಮಿನ್ ಮಾತ್ರೆ ನುಂಗಿದರು.

ಫೆಬ್ರವರಿ 22, ಬ್ಯಾರನ್

ನನ್ನ ನಂಬಿಕೆ ಒಂದು ಗಂಟೆಯೊಳಗೆ ಸುಳ್ಳಾಯಿತು. ದ್ವೀಪದ ಮರೆ ದಾಟಿದ ಮೇಲೆ ದೋಣಿ ಪ್ರತಿ ಅಲೆಯನ್ನೂ ಹತ್ತಿ ಧೊಪ್ಪೆಂದು ಬೀಳತೊಡಗಿತು. ಘಾಟಿಯ ತಿರುವಾದರೆ ಕಣ್ಣಿಗೆ ಕಾಣುತ್ತದೆ, ಮೈ ಅದಕ್ಕೆ ಮೊದಲೇ ಸಿದ್ಧವಾಗುತ್ತದೆ. ಕತ್ತಲೆಯ ಅಲೆಗೆ ಅಂಥ ಸೂಚನೆಯಿಲ್ಲ. ನಾನು ನಿಂಬೆಹಣ್ಣು ಮೂಸುತ್ತ ದೋಣಿಯ ಹಿಂಭಾಗದಲ್ಲಿ ಮಲಗಿ, ನೀರು ಮತ್ತು ಅವಲಕ್ಕಿಯ ಮೂರು ಪಾಲಿನ ಲೆಕ್ಕವೆಲ್ಲ ಎಷ್ಟು ವ್ಯರ್ಥವೆಂದು ಯೋಚಿಸುತ್ತಿದ್ದೆ.

ಆರು ಗಂಟೆಗೆ ಮೊದಲೇ ಬೆಳಕಾಯಿತು. 354 ಮೀಟರ್ ಎತ್ತರದ ಬೆಟ್ಟ ಭೂಮಿಯ ದುಂಡನ್ನು ಲೆಕ್ಕ ಹಾಕಿದರೆ ಅರವತ್ತೈದು ಕಿ.ಮೀ. ದೂರದಿಂದಲೇ ತಲೆ ಎತ್ತಬೇಕೆಂದು ಚಿಕ್ಕಪ್ಪ ಹಿಂದಿನ ದಿನವೇ ಹೇಳಿದ್ದರು. ಮಬ್ಬಿದ್ದುದರಿಂದ ಅದು ಕಂಡದ್ದು ಮೂವತ್ತು ಕಿ.ಮೀ. ಉಳಿದಾಗ: ಹುಟ್ಟುವ ಸೂರ್ಯನಿಗೆ ಅಡ್ಡವಾಗಿ, ತಲೆ ಕತ್ತರಿಸಿದ ಅಕ್ಕಿಯ ರಾಶಿಯಂಥ ಒಂದು ಕಪ್ಪು ಆಕಾರ. ನಾವು ನೋಡುತ್ತಿದ್ದುದು ಬೆಟ್ಟದ ತುದಿಯನ್ನು ಮಾತ್ರ. ಅದರ ಬುಡ ಸಮುದ್ರದೊಳಗೆ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯನ್ನು ಸಮುದ್ರದ ತಳದಲ್ಲಿ ನಿಲ್ಲಿಸಿದರೆ ಅದರ ಶಿಖರ ಅಲ್ಲಿ ನೀರಿನ ಮೇಲೆ ಬರುವುದಿಲ್ಲ. ಭಾರತದ ಭೂಫಲಕ ಈಶಾನ್ಯಕ್ಕೆ ಸರಿದು ಬರ್ಮಾ ಫಲಕದ ಕೆಳಗೆ ನುಗ್ಗುತ್ತದೆ, ಜೊತೆಗೆ ಒಯ್ದ ನೀರಿನಿಂದ ಒಳಗಿನ ಬಿಸಿ ಬಂಡೆ ಕರಗುತ್ತದೆ, ಕರಗಿದ್ದು ಸೀಳು ಸಿಕ್ಕಲ್ಲಿ ಮೇಲೇರುತ್ತದೆ. ಸುಮಾತ್ರಾದವರೆಗೂ ಸಾಗುವ ಜ್ವಾಲಾಮುಖಿಗಳ ಸಾಲಿನಲ್ಲಿ ಇದೂ ಒಂದು. ಇದರ ಉತ್ತರಕ್ಕಿರುವ ನಾರ್ಕೊಂಡಂ ದ್ವೀಪವೂ ಜ್ವಾಲಾಮುಖಿಯೇ, ಆದರೆ ತಣ್ಣಗಿದೆ. ಅದರ ಹೆಸರು ನರಕಕುಂಡ ಎಂಬುದರಿಂದ ಬಂದಿರಬಹುದು, ಹಿಂದಿನ ನಾವಿಕರು ಬೆಂಕಿ ಉಗುಳುವ ಬ್ಯಾರನ್‌ಗೆ ಇಟ್ಟ ಹೆಸರು ನಕ್ಷೆಯಲ್ಲಿ ಅದಲುಬದಲಾಗಿರಬಹುದು ಎಂಬ ವಾದವಿದೆ. ಚಿಕ್ಕಪ್ಪ ಈ ವಾದದ ಪರ.

ಏಳು ಗಂಟೆಗೆ ಪಶ್ಚಿಮದ ಬದಿಗೆ ಬಂದು ತಲುಪಿದೆವು. ದ್ವೀಪ ಮೂರು ಕಿ.ಮೀ. ಅಗಲದ ಒಂದು ಬೋಗುಣಿ. ಹಳೆಯ ಮಹಾಸ್ಫೋಟವೊಂದು ಒಳಗನ್ನು ಬರಿದು ಮಾಡಿ ಸುತ್ತ ಗೋಡೆಯನ್ನು ಉಳಿಸಿದೆ, ಆ ಗೋಡೆ ಪಶ್ಚಿಮಕ್ಕೆ ಮಾತ್ರ ಒಡೆದು ಸಮುದ್ರಕ್ಕೆ ಬಾಯಿ ತೆರೆದಿದೆ. ಆ ಬಾಯಿಯ ಎದುರು ದೋಣಿ ನಿಂತಾಗ ಒಳಗಿನ ಬೂದಿಯ ಶಂಕು ಪೂರ್ತಿಯಾಗಿ ಕಂಡಿತು. ಗೋಡೆಯ ಹೊರ ಇಳಿಜಾರಿನಲ್ಲಿ ನಮ್ಮ ಘಟ್ಟದಷ್ಟೇ ದಟ್ಟ ಹಸಿರು. ಒಳಗೆ ಒಂದು ಹುಲ್ಲೂ ಇಲ್ಲ. ಶಂಕುವಿನ ಬುಡದಿಂದ ಸಮುದ್ರದವರೆಗೆ ಲಾವಾ ಹರಿದು ಗಟ್ಟಿಯಾದ ಕಪ್ಪು ಹಾಸು ಹರಡಿತ್ತು. ಬುಲ್ಡೋಜರ್ ಕೆದರಿ ಬಿಟ್ಟುಹೋದ ರಸ್ತೆಯಂತೆ ಅದರ ಮೈಯೆಲ್ಲ ಮುರಿದ ಹೆಂಟೆಗಳು. ಅಂಚಿನಲ್ಲಿ ಕಪ್ಪು ಮರಳಿನ ಚಿಕ್ಕ ದಂಡೆಯಿತ್ತು. ಶಂಕುವಿನ ತುದಿಯ ಒಂದು ಮಗ್ಗುಲಿನಿಂದ ಬಿಳಿ ಹಬೆ, ಹಂಡೆಯ ನೀರು ಕುದಿಯುವ ಮೊದಲು ಏಳುವಷ್ಟು ತೆಳುವಾಗಿ, ಏಳುತ್ತಿತ್ತು. ಗಾಳಿ ನಮ್ಮ ಕಡೆ ತಿರುಗಿದಾಗ ಒಮ್ಮೆ ಮಾತ್ರ ಗಂಧಕದ ವಾಸನೆ ಬಂತು.

ದೋಣಿಯವರು ಲಂಗರು ಹಾಕಲಿಲ್ಲ. ದಡದ ಅಷ್ಟು ಹತ್ತಿರವೂ ನೀರು ಅಳೆಯಲಾರದಷ್ಟು ಆಳ. ಹಗ್ಗ ಮುಗಿದರೂ ಲಂಗರಿಗೆ ನೆಲ ಸಿಗುವುದಿಲ್ಲ ಎಂದರು. ಎಂಜಿನ್ ನಿಲ್ಲಿಸಿ ತೇಲಲು ಬಿಟ್ಟಾಗ ನನ್ನ ಹೊಟ್ಟೆಯೂ ನಿಂತಿತು. 1787ರಲ್ಲಿ ಈ ಬೆಟ್ಟದ ಸ್ಫೋಟ ಮೊದಲ ಬಾರಿಗೆ ದಾಖಲಾಯಿತು. ಆ ದಾಖಲೆಯೂ ನಮ್ಮಂತೆ ದೂರದಲ್ಲಿ ತೇಲುತ್ತಿದ್ದವರದೇ ಇರಬೇಕು. ಚಿಕ್ಕಪ್ಪ ದುರ್ಬೀನು ಇಳಿಸಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಡಗಿನವರು ಬಿಟ್ಟುಹೋದ ಮೇಕೆಗಳ ಸಂತತಿ ಈ ದ್ವೀಪದಲ್ಲಿದೆಯೆಂದು ಅವರು ಓದಿದ್ದರು. “ಅಲ್ಲಿ, ಹಸಿರಿನ ಕೆಳ ಅಂಚಿನಲ್ಲಿ, ಎರಡು” ಎಂದು ದುರ್ಬೀನನ್ನು ನನಗೆ ಕೊಟ್ಟರು. ನನಗೆ ಕಂದು ಬಣ್ಣದ ಎರಡು ಕಲ್ಲುಗಳು ಕಂಡವು, ಬಾವನಿಗೆ ಒಂದು ಮೇಕೆ ಕಂಡಿತು. ಜೊತೆಗಿದ್ದ ಪುಣೆಯ ನಾಲ್ವರು ನೀರಿಗಿಳಿದು ಮುಳುಗಿ ಬಂದು, ಕೆಳಗೆ ಕಪ್ಪು ಬಂಡೆಯ ಮೇಲೆ ಹವಳ ಬೆಳೆದಿದೆಯೆಂದು ಹೇಳಿದರು.

ದ್ವೀಪವನ್ನು ಒಂದು ಸುತ್ತು ಹಾಕಲು ಮುಕ್ಕಾಲು ಗಂಟೆ ಸಾಕಾಯಿತು. ಸುತ್ತಿನುದ್ದಕ್ಕೂ ಒಂದು ಕಂಬವಿಲ್ಲ, ಮನೆಯಿಲ್ಲ, ಒಂದು ಬೆಂಕಿಯ ಗುರುತಿಲ್ಲ. ತೋಟದಲ್ಲಿ ಎಷ್ಟು ಒಳಗೆ ಹೋದರೂ ಯಾರದೋ ಕತ್ತಿಯ ಸದ್ದು ಕೇಳುತ್ತದೆ. ಇಲ್ಲಿ ಅಲೆಯ ಸದ್ದು ಬಿಟ್ಟರೆ ಚಿಕ್ಕಪ್ಪನ ಪೆನ್ಸಿಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು. ಅವರು ಚಿತ್ರ ಬರೆಯುತ್ತಿದ್ದರು. ಮೂವತ್ತು ವರ್ಷ ಚುಕ್ಕಿಯಾಗಿದ್ದದ್ದು ಈಗ ಹಾಳೆ ತುಂಬಿತ್ತು, ಪಶ್ಚಿಮದ ಬಾಯಿ ಮಾತ್ರ ಕೈ ಅಲುಗಿ ಸೊಟ್ಟಗಾಗಿತ್ತು. ಹತ್ತು ಗಂಟೆಗೆ ಎಂಜಿನ್ ಚಾಲೂ ಆಯಿತು. ಇಳಿಯಬೇಕೆಂದು ಯಾರೂ ಅನ್ನಲಿಲ್ಲ.

ಬರುವಾಗ ಗಾಳಿ ಬೆನ್ನಿಗಿತ್ತು. ಎಲ್ಲರೂ ಕೋಡುಬಳೆ ತಿಂದೆವು. ಪುಣೆಯವರು ಎರಡನೆಯ ಡಬ್ಬಿಯನ್ನೂ ಖಾಲಿ ಮಾಡಿದರು. ನಾಲ್ಕರ ಸುಮಾರಿಗೆ ಸ್ವರಾಜ್ ದ್ವೀಪ ಹತ್ತಿರವಾಗಿ ಫೋನ್‌ಗಳಿಗೆ ಜೀವ ಬಂತು. ರೈಟರ ಧ್ವನಿ ಸಂದೇಶ ಬೆಳಿಗ್ಗೆ ಎಂಟಕ್ಕೇ ಬಂದು ಕಾಯುತ್ತಿತ್ತು: “ಅಯ್ಯಾ, ರಾತ್ರಿ ಗುಡುಗಿ ಮಳೆ ಬಂತು. ನಲವತ್ತು ಸೆಂಟ್ಸ್ ಅಷ್ಟೇ.”

ಇದನ್ನು ಹೊರಗಿನವರಿಗೆ ವಿವರಿಸಬೇಕು. ಹೂಮಳೆ ಒಂದು ಇಂಚಾದರೂ, ಅಂದರೆ ನೂರು ಸೆಂಟ್ಸ್ ಆದರೂ, ಬರಬೇಕು. ಹಾಗೆ ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಬಾರದೇ ಇದ್ದರೂ ಮೊಗ್ಗು ಮಲಗಿರುತ್ತದೆ, ನಷ್ಟವಿಲ್ಲ. ನಲವತ್ತು ಸೆಂಟ್ಸ್ ಎಂಬುದು ಮೊಗ್ಗನ್ನು ಎಬ್ಬಿಸಿ ಅರ್ಧಕ್ಕೇ ಬಿಡುವ ಮಳೆ. ಉಳಿದ ಅರುವತ್ತನ್ನು ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರಿನಿಂದ ಕೊಡದಿದ್ದರೆ ರೊಬಸ್ಟಾ ಮೊಗ್ಗು ಅರ್ಧಂಬರ್ಧ ಬಿರಿದು ಕರಟಿಹೋಗುತ್ತದೆ. ಬಾವ ಜೆಟ್ಟಿಯ ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲೇ ಕುಳಿತು, ಪೈಪು ಯಾವ ಬ್ಲಾಕಿನಲ್ಲಿವೆ, ಡೀಸೆಲ್ ಎಷ್ಟಿದೆ, ಕೆರೆಯಲ್ಲಿ ಎಷ್ಟು ಅಡಿ ನೀರಿದೆ ಎಂದು ಫೋನಿನಲ್ಲಿ ಕೇಳತೊಡಗಿದರು. ಅಲೆಗೂ ಗಾಳಿಗೂ ಎರಡು ದಿನ ಹೆಚ್ಚು ಇಟ್ಟುಕೊಂಡಿದ್ದ ನಾವು ಮಳೆಗೆಂದು ಒಂದು ದಿನವನ್ನೂ ಇಟ್ಟುಕೊಂಡಿರಲಿಲ್ಲ.

ಫೆಬ್ರವರಿ 23

ಬೆಳಗಿನ ಮೊದಲ ಹಡಗಿಗೆ ಪೋರ್ಟ್ ಬ್ಲೇರ್, ಮಧ್ಯಾಹ್ನದ ವಿಮಾನಕ್ಕೆ ಬೆಂಗಳೂರು. ಟಿಕೆಟ್ ಬದಲಿಸಲು ತೆತ್ತ ಹಣವನ್ನು ಬಾವ ಡೈರಿಯಲ್ಲಿ ಐದು ಮೂಟೆಯ ಕೆಳಗೆ “ಮತ್ತೆ ಒಂದೂವರೆ” ಎಂದು ಬರೆದರು. ಚಿಕ್ಕಪ್ಪ ನಮ್ಮ ಜೊತೆ ಬರಲಿಲ್ಲ. “ನನಗೇನು ತೋಟವೇ? ನೀವು ಹೋಗಿ, ನಾನು ರಾಸ್ ದ್ವೀಪ ನೋಡಿಕೊಂಡು ಬರ್ತೀನಿ” ಎಂದು 25ರ ಟಿಕೆಟ್ಟನ್ನು ಹಾಗೆಯೇ ಉಳಿಸಿಕೊಂಡು, ನಮ್ಮ ಪಾಲಿನ ಅವಲಕ್ಕಿಯನ್ನೂ ಇಸಿದುಕೊಂಡರು.

ನಾವು ಸಕಲೇಶಪುರ ತಲುಪಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ರೈಟರು ಪಂಪನ್ನು ಕೆರೆಯ ದಡಕ್ಕೆ ತಂದಿಟ್ಟಿದ್ದರು, ಪೈಪು ಜೋಡಿಸಲು ನಾಲ್ವರು ಆಳುಗಳು ಟಾರ್ಚು ಹಿಡಿದು ಕಾಯುತ್ತಿದ್ದರು. ಮರುದಿನ ಏಳಕ್ಕೆ ಸ್ವಲ್ಪ ಮೊದಲು, ಬ್ಯಾರನ್ ಮೇಲೆ ಬಿಸಿಲೇರಿ ಒಂದು ಗಂಟೆಗೂ ಮೀರಿದ ಮೇಲೆ, ನಮ್ಮ ಗುಡ್ಡದ ಹಿಂದಿನಿಂದ ಸೂರ್ಯ ಹುಟ್ಟಿದಾಗ ಮೂರನೆಯ ಬ್ಲಾಕಿನಲ್ಲಿ ಸ್ಪ್ರಿಂಕ್ಲರಿನ ಮೊದಲ ಜೆಟ್ ತಿರುಗುತ್ತಿತ್ತು.